ಕೂಸಿನ ಕುಲಾವಿ ಮತ್ತು ಹೆಣಿಗೆಯ ಮೊದಲ ಸಾಲು

"ಕೂಸು ಹುಟ್ಟುವ ಮುಂಚೆ ಕುಲಾವಿ" ಎಂಬ ಗಾದೆಯನ್ನು ಕನ್ನಡ ನಾಡಿನಲ್ಲಿ ಆತುರಗಾರರನ್ನು ಹಾಸ್ಯ ಮಾಡಲು ಬಳಸುವುದು ವಾಡಿಕೆ. ಆದರೆ ಕೊಲ್ಕತ್ತದಲ್ಲಿ ನೆಲೆಸಿರುವ ಕನ್ನಡ ಕುಟುಂಬವೊಂದರಲ್ಲಿ, ಡಿಸೆಂಬರ್ ಕೊನೆಗೋ ಜನವರಿಯಲ್ಲೋ ಹೆರಿಗೆಯಾಗಲಿದೆ ಎಂದಿಟ್ಟುಕೊಂಡರೆ, ಈ ಗಾದೆಯ ಹಾಸ್ಯ ಮರೆಯಾಗಿ ಅದರ ವಿವೇಕವೇ ಎದ್ದುಕಾಣುತ್ತದೆ. ಈ ನಗರದಲ್ಲಿ ಜನವರಿ ತಿಂಗಳ ರಾತ್ರಿಯ ಉಷ್ಣತೆ ಸರಾಸರಿಯಲ್ಲಿ ಸುಮಾರು 14 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುತ್ತದೆ. ಕೆಲವು ದಿನ ಅದಕ್ಕಿಂತಲೂ ಕೆಳಗೆ ಹೋಗುವುದುಂಟು. ಮಂಗಳೂರು, ಉಡುಪಿ, ಕುಂದಾಪುರಗಳ ಕಡೆಯಿಂದ ಬಂದವರಿಗೆ ಇದು ನಿಜವಾದ ಚಳಿಯೇ ಸರಿ. ಮನೆಗಳಲ್ಲಿ ಕೋಣೆಯನ್ನು ಕಾಯಿಸುವ ಏರ್ಪಾಡು ಸಾಮಾನ್ಯವಾಗಿ ಇರುವುದಿಲ್ಲ. ಇಂತಹ ಕೋಣೆಯಲ್ಲಿ ಕಣ್ಣು ಬಿಡುವ ಕೂಸಿಗೆ ಕುಲಾವಿಯು ಅಲಂಕಾರವಲ್ಲ, ಅವಶ್ಯಕ ವಸ್ತು.

ಮೊದಲ ಹೆರಿಗೆ ತವರಿನಲ್ಲಿ ಆಗಬೇಕೆಂಬುದು ಹಿಂದಿನಿಂದ ಬಂದ ಪದ್ಧತಿ. ವರ್ಗಾವಣೆಯ ಉದ್ಯೋಗದಲ್ಲಿರುವವರ ಮನೆಗಳಲ್ಲಿ ಅದು ಯಾವಾಗಲೂ ನಡೆಯುವುದಿಲ್ಲ. ಮಗಳು ತವರಿಗೆ ಹೋಗಲಾಗದಿದ್ದಾಗ ತಾಯಿಯೇ ಬಾಣಂತನಕ್ಕೆ ಹೊರಟು ಬರುತ್ತಾಳೆ. ಮೆಣಸಿನಪುಡಿ, ಅಂಟಿನುಂಡೆ, ಹಳೆಯ ಮೆತ್ತನೆಯ ಸೀರೆಗಳೆಲ್ಲ ಅವಳೊಡನೆ ರೈಲಿನಲ್ಲಿ ಬರುತ್ತವೆ. ಬಂಗಾಳಿ ಭಾಷೆ ಮಾತ್ರ ಬರುವುದಿಲ್ಲ. ಮಧ್ಯಾಹ್ನದ ಬಿಸಿಲಿಗೆ ಮಹಡಿಯ ಮೇಲೆ ಕುಳಿತು ಉಲ್ಲನ್ ಹೆಣೆಯುವ ಬಂಗಾಳಿ ಗೃಹಿಣಿಯರ ನಡುವೆ ಆಕೆ ಮೊದಮೊದಲು ಮೌನಿ. ಸಿದ್ಧ ಉಡುಪುಗಳು ಹೆಚ್ಚಿದ ಮೇಲೆ ಹಾಗೆ ಹೆಣೆಯುವವರ ಸಂಖ್ಯೆ ಕಡಿಮೆಯಾಗಿದೆಯಾದರೂ ಆ ರೂಢಿ ಪೂರ್ತಿ ಅಳಿದಿಲ್ಲ. ಹೆಣಿಗೆಯ ವಿದ್ಯೆ ಕೈಯಿಂದ ಕೈಗೆ ದಾಟುವಂಥದು. ಅದನ್ನು ಕಲಿಸುವುದಕ್ಕೂ ಕಲಿಯುವುದಕ್ಕೂ ವ್ಯಾಕರಣ ಬೇಕಿಲ್ಲ. ಹೆರಿಗೆಗೆ ಮುಂಚಿನ ಒಂದು ತಿಂಗಳಿನಲ್ಲಿ ಒಂದು ಕುಲಾವಿಯನ್ನು ಹೆಣೆಯುವಷ್ಟು ಕಲಿಯುವುದು ಯಾರಿಗೂ ಅಸಾಧ್ಯವಲ್ಲ.

ಕಲಿಯಲು ಹೊರಟವರಲ್ಲಿ ಎಷ್ಟೋ ಮಂದಿ ಎಡವುವುದು ಮೊದಲ ಮೆಟ್ಟಿಲಿನಲ್ಲಿ. ಹೆಣಿಗೆಯ ಆ ಮೊದಲ ಮೆಟ್ಟಿಲೆಂದರೆ ಕಡ್ಡಿಯ ಮೇಲೆ ಕುಣಿಕೆಗಳನ್ನು ಏರಿಸುವುದು. ಜಮಾಖರ್ಚಿನ ಪುಸ್ತಕದಲ್ಲಿ ಆರಂಭ ಶಿಲ್ಕು ತಪ್ಪಾಗಿದ್ದರೆ ಮುಂದಿನ ಪುಟಗಳನ್ನು ಎಷ್ಟೇ ಮುತುವರ್ಜಿಯಿಂದ ಬರೆದರೂ ಅಖೈರು ಶಿಲ್ಕು ಹೊಂದುವುದಿಲ್ಲ. ಹೆಣಿಗೆಯ ಮೊದಲ ಸಾಲಿನ ಮಹತ್ವವೂ ಅಷ್ಟೇ. ಆ ಸಾಲು ಎಣಿಕೆಯಲ್ಲಿ ಸರಿಯಾಗಿರಬೇಕು, ಹಿಡಿತದಲ್ಲಿ ಸಡಿಲವಾಗಿರಬೇಕು. ಈ ಎರಡು ಗುಣಗಳನ್ನು ಸಾಧಿಸುವ ಬಗೆಯನ್ನು ತಿಳಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಹಾಸುಹೊಕ್ಕಿಲ್ಲದ ಬಟ್ಟೆ

ಉಣ್ಣೆ ಕನ್ನಡಿಗರಿಗೆ ಹೊಸದಲ್ಲ. ದಖ್ಖನಿನ ಕುರಿಯ ಉಣ್ಣೆಯಿಂದ ಕುರುಬರು ನೇಯುವ ಕರಿಯ ಕಂಬಳಿ ಮಳೆ, ಚಳಿ, ಹಾಸಿಗೆ, ಹೊದಿಕೆ ಎಲ್ಲಕ್ಕೂ ಒದಗುವ ವಸ್ತು. ಆದರೆ ಕಂಬಳಿ ನೇಯ್ಗೆಯ ಫಲ. ನೇಯ್ಗೆಯಲ್ಲಿ ಉದ್ದಕ್ಕೆ ಹಾಸಿನ ಎಳೆಗಳೂ ಅಡ್ಡಕ್ಕೆ ಹೊಕ್ಕಿನ ಎಳೆಯೂ ಇರುತ್ತವೆ. ಅವು ಒಂದನ್ನೊಂದು ಬಿಗಿಯಾಗಿ ಹಿಡಿಯುವುದರಿಂದ ಬಟ್ಟೆ ಹಿಗ್ಗುವುದಿಲ್ಲ. ಹೆಣಿಗೆಯಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ. ಒಂದೇ ಎಳೆ ಕುಣಿಕೆಯಾಗಿ ಬಾಗಿ, ಕೆಳಗಿನ ಸಾಲಿನ ಕುಣಿಕೆಯೊಳಗಿನಿಂದ ನುಸುಳಿ ಬರುತ್ತದೆ. ಪ್ರತಿಯೊಂದು ಕುಣಿಕೆಯೂ ಎಳೆದಾಗ ಅಗಲವಾಗಿ, ಬಿಟ್ಟಾಗ ತನ್ನ ಆಕಾರಕ್ಕೆ ಮರಳುತ್ತದೆ. ತಲೆ, ಪಾದ, ಅಂಗೈಗಳಂತಹ ದುಂಡನೆಯ ಅಂಗಗಳಿಗೆ ಹೆಣೆದ ಉಡುಪು ಚೆನ್ನಾಗಿ ಒಪ್ಪುವುದಕ್ಕೆ ಇದೇ ಕಾರಣ.

ಈ ವಿದ್ಯೆಯ ಹಳೆಯ ಕುರುಹುಗಳು ಈಜಿಪ್ಟಿನಲ್ಲಿ ದೊರೆತ ಹತ್ತಿನೂಲಿನ ಕಾಲುಚೀಲಗಳಲ್ಲಿ ಕಾಣುತ್ತವೆ. ಸ್ಪೇನ್ ದೇಶದಲ್ಲಿ 1275ರಲ್ಲಿ ತೀರಿಕೊಂಡ ರಾಜಕುಮಾರ ಫೆರ್ನಾಂದೊ ದೆ ಲಾ ಸೆರ್ದಾನ ಸಮಾಧಿಯಲ್ಲಿ ನಾಜೂಕಾಗಿ ಹೆಣೆದ ದಿಂಬಿನ ಚೀಲ ಸಿಕ್ಕಿದೆ. ಇಂಗ್ಲೆಂಡಿನಲ್ಲಿ ವಿಲಿಯಂ ಲೀ 1589ರಲ್ಲಿ ಕಾಲುಚೀಲ ಹೆಣೆಯುವ ಯಂತ್ರವನ್ನು ನಿರ್ಮಿಸಿದನು. ಯಂತ್ರದ ಹೆಣಿಗೆ ಭಾರತದಲ್ಲಿ ಮೊದಲು ಕಾಲಿಟ್ಟದ್ದು ಈ ನಗರದಲ್ಲಿಯೇ ಎಂಬುದು ಇಲ್ಲಿಯ ಕನ್ನಡಿಗರು ತಿಳಿದಿರಬೇಕಾದ ಸಂಗತಿ. ದೇಶದ ಮೊದಲ ಹೊಸೈರಿ ಕಾರ್ಖಾನೆ 1893ರಲ್ಲಿ ಖಿದಿರ್‌ಪುರದಲ್ಲಿ ಪ್ರಾರಂಭವಾಯಿತು. ಕೈ ಹೆಣಿಗೆಯು ಮಿಷನರಿ ಶಾಲೆಗಳ ಹೊಲಿಗೆಯ ಪಾಠಗಳ ಮೂಲಕ ಮನೆಮನೆಗೆ ಹಬ್ಬಿತು. 1962ರ ಚೀನಾ ಆಕ್ರಮಣದ ಚಳಿಗಾಲದಲ್ಲಿ ಗಡಿಯ ಯೋಧರಿಗಾಗಿ ದೇಶದ ನಾನಾ ಕಡೆಗಳಲ್ಲಿ ಹೆಂಗಸರು ಸ್ವೆಟರ್ ಹೆಣೆದು ಕಳುಹಿಸಿದ್ದನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ.

ಹೆಣಿಗೆ ಹೆಂಗಸರ ಕೆಲಸವೆಂಬ ಭಾವನೆಗೆ ಇತಿಹಾಸದ ಆಧಾರ ಕಡಿಮೆ. ಮಧ್ಯಯುಗದ ಯುರೋಪಿನ ಹೆಣಿಗೆಗಾರರ ಸಂಘಗಳಲ್ಲಿ ಸದಸ್ಯರು ಹೆಚ್ಚಾಗಿ ಗಂಡಸರೇ ಆಗಿದ್ದರು. ಆದುದರಿಂದ ತಂದೆಯಾಗಲಿರುವವರಾಗಲಿ, ನಿವೃತ್ತರಾದ ಅಜ್ಜಂದಿರಾಗಲಿ ಕಡ್ಡಿ ಹಿಡಿಯಲು ಸಂಕೋಚಪಡಬೇಕಾಗಿಲ್ಲ.

ಉಲ್, ಕಾಂಟಾ, ಘೊರ್

ಅಂಗಡಿಯಲ್ಲಿಯೂ ನೆರೆಮನೆಯಲ್ಲಿಯೂ ಕೆಲಸಕ್ಕೆ ಬರುವ ಐದು ಬಂಗಾಳಿ ಮಾತುಗಳನ್ನು ಮೊದಲು ತಿಳಿದಿರುವುದು ಒಳಿತು. ಉಣ್ಣೆಯ ನೂಲು 'ಉಲ್'. ಹೆಣೆಯುವ ಕಡ್ಡಿ 'ಕಾಂಟಾ'. ನೂಲನ್ನು ಕಡ್ಡಿಯ ಹಿಂದೆ ಇರಿಸಿ ಹೆಣೆಯುವ ನೇರ ಹೆಣಿಗೆ 'ಶೋಜಾ'. ನೂಲನ್ನು ಮುಂದೆ ತಂದು ಹೆಣೆಯುವ ತಿರುವು ಹೆಣಿಗೆ 'ಉಲ್ಟೊ'. ಕುಣಿಕೆಗೆ ಹೆಸರು 'ಘೊರ್', ಎಂದರೆ ಮನೆ. ಕುಣಿಕೆ ಏರಿಸುವುದು 'ಘೊರ್ ತೋಲಾ', ಎಂದರೆ ಮನೆ ಎತ್ತುವುದು. ಚೌಕಾಬಾರದ ಮನೆಗಳನ್ನು ಎಣಿಸಿ ಬಲ್ಲ ಕನ್ನಡದ ಅಜ್ಜಿಗೆ ಈ ಮಾತು ಒಡನೆಯೇ ಅರ್ಥವಾಗುತ್ತದೆ.

ಕಡ್ಡಿಗಳ ಮೇಲೆ ಅಂಕೆಗಳಿರುತ್ತವೆ. ಭಾರತದಲ್ಲಿ ಬಳಕೆಯಲ್ಲಿರುವ ಹಳೆಯ ಬ್ರಿಟಿಷ್ ಕ್ರಮದಂತೆ ಅಂಕೆ ಹೆಚ್ಚಾದಷ್ಟು ಕಡ್ಡಿ ತೆಳುವಾಗುತ್ತದೆ. 8ನೆಯ ನಂಬರಿನ ಕಡ್ಡಿಯ ದಪ್ಪ 4 ಮಿಲಿಮೀಟರ್; 10ನೆಯದು 3.25 ಮಿಲಿಮೀಟರ್. ಹೊಸಬರು ತೀರ ತೆಳುವಾದ ಕಡ್ಡಿಯನ್ನು ಕೊಳ್ಳಬಾರದು. 8ನೆಯ ನಂಬರಿನ ಒಂದು ಜೊತೆ ಕಡ್ಡಿ, ಮಧ್ಯಮ ದಪ್ಪದ 50 ಗ್ರಾಂ ಉಲ್ಲನ್, ಒಂದು ಅಳತೆಪಟ್ಟಿ, ತುದಿ ಮೊಂಡಾದ ದೊಡ್ಡ ಸೂಜಿ, ಇಷ್ಟಿದ್ದರೆ ಒಂದು ಕುಲಾವಿಗೆ ಸಾಕು. ಉಲ್ಲನ್ ತಿಳಿ ಬಣ್ಣದ್ದಾಗಿರಲಿ. ಕಪ್ಪು, ಕಡುನೀಲಿಗಳಲ್ಲಿ ಕುಣಿಕೆಗಳು ಕಣ್ಣಿಗೆ ಸ್ಪಷ್ಟವಾಗಿ ಕಾಣುವುದಿಲ್ಲ.

ಪೇಟೆಯಲ್ಲಿ 'ಉಲ್ಲನ್' ಎಂದು ಮಾರುವುದೆಲ್ಲ ಉಣ್ಣೆಯಲ್ಲ. ಅದರಲ್ಲಿ ಬಹುಭಾಗ ಅಕ್ರಿಲಿಕ್ ಎಂಬ ಕೃತಕ ನೂಲು. ಎರಡು ಅಂಗುಲದ ಎಳೆಯನ್ನು ಇಕ್ಕಳದಲ್ಲಿ ಹಿಡಿದು, ಉಕ್ಕಿನ ತಟ್ಟೆಯ ಮೇಲೆ ಸುಟ್ಟು ಪರೀಕ್ಷಿಸಬಹುದು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಬೆರಳಿಗೆ ಪುಡಿಯಾಗುವ ಬೂದಿ ಉಳಿಯುತ್ತದೆ. ಅಕ್ರಿಲಿಕ್ ಆದರೆ ಕರಗಿ, ಆರಿದ ಮೇಲೆ ಗಟ್ಟಿಯಾದ ಮಣಿಯಂತೆ ನಿಲ್ಲುತ್ತದೆ. ಅಕ್ರಿಲಿಕ್ ಅಗ್ಗ; ಒಗೆಯಲು ಸುಲಭ; ಉಣ್ಣೆ ಚುಚ್ಚುವ ಎಳೆಯ ಚರ್ಮಕ್ಕೆ ಕೆಲವೊಮ್ಮೆ ಹಿತವೂ ಹೌದು. ಆದರೆ ಬೆಂಕಿಯ ಸಮೀಪದಲ್ಲಿ ಅದು ಅಪಾಯಕಾರಿ, ಏಕೆಂದರೆ ಕರಗಿದ ನೂಲು ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಬಾಣಂತಿಯ ಕೋಣೆಯಲ್ಲಿ ಕೆಂಡವಿಟ್ಟು ಸಾಂಬ್ರಾಣಿ ಹಾಕುವ ಪದ್ಧತಿಯುಳ್ಳ ಮನೆಯವರು ಇದನ್ನು ವಿಶೇಷವಾಗಿ ಗಮನಿಸಬೇಕು. ಆ ಹೊಗೆ ಎಳೆಗೂಸಿನ ಶ್ವಾಸಕೋಶಕ್ಕೂ ಒಳ್ಳೆಯದಲ್ಲವಾದುದರಿಂದ ಕೆಂಡವನ್ನು ಕೋಣೆಯ ಹೊರಗೆ ಇರಿಸುವುದೇ ಮೇಲು.

ಎಣಿಕೆ ಮೊದಲು, ಹೆಣಿಗೆ ಆಮೇಲೆ

ಎಷ್ಟು ಕುಣಿಕೆ ಏರಿಸಬೇಕು? ಈ ಪ್ರಶ್ನೆಗೆ ನೆರೆಮನೆಯಾಕೆ ಹೇಳಿದ ಸಂಖ್ಯೆಯನ್ನು ಹಾಗೆಯೇ ಒಪ್ಪಿಕೊಳ್ಳುವುದು ಸರಿಯಲ್ಲ. ಒಬ್ಬರ ಕೈ ಬಿಗಿ, ಮತ್ತೊಬ್ಬರದು ಸಡಿಲ. ಆದುದರಿಂದ ಮೊದಲು 30 ಕುಣಿಕೆಗಳ ಒಂದು ಮಾದರಿ ತುಣುಕನ್ನು, ಒಂದು ಸಾಲು ಶೋಜಾ ಒಂದು ಸಾಲು ಉಲ್ಟೊ ಕ್ರಮದಲ್ಲಿ ಸುಮಾರು 12 ಸೆಂಟಿಮೀಟರ್ ಎತ್ತರ ಹೆಣೆದು, ಎಳೆಯದೆ ಮೇಜಿನ ಮೇಲೆ ಹರಡಬೇಕು. ಅದರ ನಡುಭಾಗದಲ್ಲಿ 10 ಸೆಂಟಿಮೀಟರ್ ಅಗಲಕ್ಕೆ ಎಷ್ಟು ಕುಣಿಕೆಗಳಿವೆ ಎಂದು ಎಣಿಸಬೇಕು. 8ನೆಯ ನಂಬರಿನ ಕಡ್ಡಿ ಹಾಗೂ ಮಧ್ಯಮ ದಪ್ಪದ ನೂಲಿಗೆ ಸಾಮಾನ್ಯವಾಗಿ 22 ಬರುತ್ತದೆ.

ಮೂರು ತಿಂಗಳ ಮಗುವಿನ ತಲೆಯ ಸುತ್ತಳತೆ ಸುಮಾರು 40 ಸೆಂಟಿಮೀಟರ್. ಹೆಣಿಗೆ ಹಿಗ್ಗುವುದರಿಂದ ಕುಲಾವಿಯ ಸುತ್ತಳತೆ ಅದಕ್ಕಿಂತ ತುಸು ಕಡಿಮೆ, ಅಂದರೆ 36 ಸೆಂಟಿಮೀಟರ್ ಇದ್ದರೆ ಸಾಕು. 10 ಸೆಂಟಿಮೀಟರಿಗೆ 22ರಂತೆ 36 ಸೆಂಟಿಮೀಟರಿಗೆ 79.2 ಕುಣಿಕೆಗಳು. ಅಂಚಿನಲ್ಲಿ ಎರಡು ಶೋಜಾ, ಎರಡು ಉಲ್ಟೊ ಹೆಣೆಯುವುದರಿಂದ ಸಂಖ್ಯೆ ನಾಲ್ಕರಿಂದ ಭಾಗವಾಗಬೇಕು. ಆದುದರಿಂದ 80 ಎಂದು ಹಿಡಿಯಬೇಕು. ಕೊನೆಗೆ ಎರಡು ಬದಿಗಳನ್ನು ಸೇರಿಸಿ ಹೊಲಿಯುವಾಗ ಒಂದೊಂದು ಬದಿಯಲ್ಲಿ ಒಂದೊಂದು ಕುಣಿಕೆ ಒಳಗೆ ಹೋಗುತ್ತದೆ. ಅದಕ್ಕಾಗಿ ಎರಡನ್ನು ಕೂಡಿಸಿದರೆ ಒಟ್ಟು 82.

ಮಾದರಿಯನ್ನು ಹೆಣೆಯದೆ ಬಿಟ್ಟರೆ ಆಗುವ ನಷ್ಟವನ್ನೂ ಲೆಕ್ಕ ಹಾಕಬಹುದು. ಕೈ ಬಿಗಿಯಾಗಿ 22ರ ಬದಲು 24 ಕುಣಿಕೆ ಬರುವವರ ಕುಲಾವಿ 33 ಸೆಂಟಿಮೀಟರಿಗೆ ಕುಗ್ಗುತ್ತದೆ. ಸಡಿಲ ಕೈಯವರಿಗೆ 20 ಬಂದರೆ ಅದು 40 ಸೆಂಟಿಮೀಟರಿಗೆ ಹಿಗ್ಗಿ ಕೂಸಿನ ಕಣ್ಣು, ಮೂಗಿನ ಮೇಲೆ ಜಾರುತ್ತದೆ. ಎರಡು ಕುಣಿಕೆಯ ಅಂತರ ಅಲ್ಪವೆಂದು ತೋರಿದರೂ ಅದರ ಫಲ ಅಲ್ಪವಲ್ಲ.

ಮೊದಲ ಸಾಲನ್ನು ಏರಿಸುವ ಕ್ರಮ

ಕುಣಿಕೆ ಏರಿಸುವ ಕ್ರಮಗಳು ಹಲವು. ಹೊಸಬರಿಗೂ ಕುಲಾವಿಗೂ ಒಪ್ಪುವುದು ಒಂದೇ ಕಡ್ಡಿಯಿಂದ, ಉದ್ದವಾದ ಬಾಲವನ್ನು ಬಿಟ್ಟುಕೊಂಡು ಏರಿಸುವ ಕ್ರಮ.

ಒಂದು: ಬಾಲದ ಅಳತೆ. ನೂಲನ್ನು ಕಡ್ಡಿಯ ಸುತ್ತ 10 ಸಲ ಸುತ್ತಿ, ಬಿಚ್ಚಿ ಅಳೆಯಬೇಕು. ಅದು 20 ಸೆಂಟಿಮೀಟರ್ ಬಂದರೆ ಒಂದು ಕುಣಿಕೆಗೆ 2 ಸೆಂಟಿಮೀಟರ್ ನೂಲು ಬೇಕೆಂದಾಯಿತು. 82 ಕುಣಿಕೆಗಳಿಗೆ 164 ಸೆಂಟಿಮೀಟರ್. ಕೊನೆಯ ಹೊಲಿಗೆಗಾಗಿ ಒಂದು ಗೇಣು ಹೆಚ್ಚು. ಹೆಚ್ಚುಕಡಿಮೆ ನಾಲ್ಕು ಮೊಳ. ಬಾಲ ಸಾಲದೆ 70ನೆಯ ಕುಣಿಕೆಗೆ ಮುಗಿದುಹೋಗುವುದು ಹೊಸಬರಿಗೆ ಆಗುವ ಮೊದಲ ನಿರಾಸೆ. ಹೆಚ್ಚು ಬಿಟ್ಟರೆ ನಷ್ಟವಿಲ್ಲ.

ಎರಡು: ಜೀರುಗುಣಿಕೆ. ಬಾಲವನ್ನು ಅಳೆದು ಬಿಟ್ಟ ಜಾಗದಲ್ಲಿ ಒಂದು ಜೀರುಗುಣಿಕೆ ಹಾಕಿ, ಬಲಗೈಯ ಕಡ್ಡಿಗೆ ಏರಿಸಿ, ಕಡ್ಡಿಯ ಮೇಲೆ ಸರಾಗವಾಗಿ ಜಾರುವಷ್ಟು ಮಾತ್ರ ಎಳೆಯಬೇಕು. ಇದೇ ಮೊದಲ ಕುಣಿಕೆ. ಎಣಿಕೆಯಲ್ಲಿ ಇದೂ ಸೇರುತ್ತದೆ.

ಮೂರು: ಎಡಗೈಯ ಹಿಡಿತ. ಕಡ್ಡಿಯಿಂದ ಎರಡು ಎಳೆಗಳು ಇಳಿಬಿದ್ದಿರುತ್ತವೆ: ಒಂದು ಬಾಲದ್ದು, ಇನ್ನೊಂದು ಉಂಡೆಯದು. ಅವುಗಳ ನಡುವೆ ಎಡಗೈಯ ಹೆಬ್ಬೆರಳನ್ನೂ ತೋರುಬೆರಳನ್ನೂ ತೂರಿಸಿ ಅಗಲಿಸಬೇಕು. ಬಾಲದ ಎಳೆ ಹೆಬ್ಬೆರಳಿನ ಮೇಲೆಯೂ ಉಂಡೆಯ ಎಳೆ ತೋರುಬೆರಳಿನ ಮೇಲೆಯೂ ಹಾದುಬರಲಿ. ಉಳಿದ ಮೂರು ಬೆರಳುಗಳು ಎರಡೂ ಎಳೆಗಳ ತುದಿಯನ್ನು ಅಂಗೈಗೆ ಒತ್ತಿ ಹಿಡಿಯಲಿ. ಕಡ್ಡಿಯನ್ನು ತುಸು ಕೆಳಕ್ಕೆ ತಂದಾಗ ಎರಡು ಬೆರಳುಗಳ ನಡುವೆ ಹುಡುಗರ ಕವಣೆಯ ಕವಲಿನಂತಹ ಆಕೃತಿ ಕಾಣಿಸಿದರೆ ಹಿಡಿತ ಸರಿಯಾಗಿದೆ ಎಂದರ್ಥ.

ನಾಲ್ಕು: ಕುಣಿಕೆ. ಹೆಬ್ಬೆರಳಿನ ಹೊರಬದಿಯ ಎಳೆಯ ಅಡಿಯಿಂದ ಕಡ್ಡಿಯ ತುದಿಯನ್ನು ಮೇಲಕ್ಕೆ ತರಬೇಕು. ಆ ತುದಿಯನ್ನು ತೋರುಬೆರಳಿನ ಒಳಬದಿಯ ಎಳೆಯ ಮೇಲಿನಿಂದ ಹಾಯಿಸಿ, ಅದನ್ನು ಕೊಂಡಿಯಂತೆ ಹಿಡಿದು, ಹೆಬ್ಬೆರಳಿನ ಸುತ್ತಿನೊಳಗಿಂದ ಕೆಳಕ್ಕೆ ಎಳೆದು ತರಬೇಕು. ಹೆಬ್ಬೆರಳನ್ನು ಸುತ್ತಿನಿಂದ ಬಿಡಿಸಿ, ಅದೇ ಬೆರಳಿನಿಂದ ಬಾಲದ ಎಳೆಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದರೆ ಕುಣಿಕೆ ಕಡ್ಡಿಗೆ ಕೂಡುತ್ತದೆ. ಇದು ಎರಡನೆಯ ಕುಣಿಕೆ. ಇದೇ ಚಲನೆಯನ್ನು ಇನ್ನು 80 ಸಲ ಪುನರಾವರ್ತಿಸಬೇಕು.

ಐದು: ಎಣಿಕೆ. ಹತ್ತು ಕುಣಿಕೆಗೊಮ್ಮೆ ಬೇರೆ ಬಣ್ಣದ ನೂಲಿನ ಚಿಕ್ಕ ಉಂಗುರವನ್ನು ಕಡ್ಡಿಗೆ ತೊಡಿಸಿದರೆ ಎಣಿಸುವುದು ಸುಲಭ. ನಗದು ಗುಮಾಸ್ತನು ನೋಟಿನ ಕಟ್ಟನ್ನು ಎರಡು ಸಲ ಎಣಿಸಿಯೇ ಮುದ್ರೆ ಒತ್ತುವನು. ಮೊದಲ ಸಾಲನ್ನೂ ಹಾಗೆಯೇ ಒಮ್ಮೆ ಎಡದಿಂದ, ಒಮ್ಮೆ ಬಲದಿಂದ ಎಣಿಸಬೇಕು.

ಹೆಬ್ಬೆರಳಿನ ಕ್ರಮ ಕೈಗೆ ಹತ್ತದವರು ಎರಡು ಕಡ್ಡಿಗಳ ಕ್ರಮವನ್ನು ಅನುಸರಿಸಬಹುದು. ಜೀರುಗುಣಿಕೆಯನ್ನು ಎಡಗಡ್ಡಿಗೆ ಏರಿಸಿ, ಬಲಗಡ್ಡಿಯನ್ನು ಅದರೊಳಗೆ ಮುಂದಿನಿಂದ ಹಿಂದಕ್ಕೆ ತೂರಿಸಿ, ಅದರ ತುದಿಗೆ ನೂಲು ಸುತ್ತಿ, ಆ ನೂಲನ್ನು ಕುಣಿಕೆಯೊಳಗಿಂದ ಈಚೆಗೆ ತಂದು, ಬಂದ ಹೊಸ ಕುಣಿಕೆಯನ್ನು ಮತ್ತೆ ಎಡಗಡ್ಡಿಗೆ ಕೂಡಿಸುವುದು ಈ ಕ್ರಮ. ಇದಕ್ಕೆ ಉದ್ದವಾದ ಬಾಲ ಬೇಕಿಲ್ಲ. ಹೆಣಿಗೆಯ ನಡುವೆ ಕುಣಿಕೆಗಳನ್ನು ಹೆಚ್ಚಿಸಬೇಕಾದಾಗಲೂ ಇದು ಉಪಯೋಗಕ್ಕೆ ಬರುತ್ತದೆ.

ಬಿಗಿಯ ದೋಷ

ಹೊಸಬರ ಕೈ ಬಿಗಿಯಾಗುವುದು ಸಹಜ. ಕುಣಿಕೆ ಎಲ್ಲಿ ಜಾರಿಹೋಗುವುದೋ ಎಂಬ ಭಯದಿಂದ ಪ್ರತಿಯೊಂದನ್ನೂ ಗಂಟಿನಂತೆ ಎಳೆದುಬಿಡುತ್ತಾರೆ. ಎರಡನೆಯ ಸಾಲಿನಲ್ಲಿ ಕಡ್ಡಿ ಒಳಗೆ ನುಗ್ಗದೆ ಕೈ ನೋಯುತ್ತದೆ. ಅಷ್ಟಕ್ಕೇ ಬೇಸತ್ತು ಕೆಲಸವನ್ನು ಮೂಲೆಗೆ ಎಸೆಯುವವರುಂಟು. ಹಟದಿಂದ ಮುಂದುವರಿದವರಿಗೆ ಮತ್ತೊಂದು ಕಷ್ಟ. ಮೇಲಿನ ಸಾಲುಗಳೆಲ್ಲ ಹಿಗ್ಗಿದರೂ ಮೊದಲ ಸಾಲು ಹಿಗ್ಗುವುದಿಲ್ಲ. ಕುಲಾವಿಯು ಕೂಸಿನ ತಲೆಗೆ ಇಳಿಯದು. ಇಳಿದರೂ ಹಣೆಯ ಮೇಲೆ ಕೆಂಪನೆಯ ಗೆರೆ ಮೂಡಿಸುವುದು.

ದಪ್ಪನೆಯ ಕಡ್ಡಿಯಲ್ಲಿ ಏರಿಸಿದರೆ ಈ ದೋಷ ನಿವಾರಣೆಯಾಗುವುದೆಂದು ಹಲವರು ಹೇಳುತ್ತಾರೆ. ಅದರಿಂದ ಕುಣಿಕೆ ದೊಡ್ಡದಾಗುವುದು ನಿಜ. ಆದರೆ ಅಂಚಿನ ಹಿಗ್ಗು ಮುಖ್ಯವಾಗಿ ಒಂದು ಕುಣಿಕೆಗೂ ಮುಂದಿನ ಕುಣಿಕೆಗೂ ನಡುವೆ ಉಳಿಯುವ ನೂಲನ್ನು ಅವಲಂಬಿಸಿದೆ. ಕುಣಿಕೆಗಳನ್ನು ಒತ್ತೊತ್ತಾಗಿ ಕೂಡಿಸದೆ, ಎರಡರ ನಡುವೆ ಕಡ್ಡಿಯ ದಪ್ಪದಷ್ಟು ಜಾಗ ಬಿಟ್ಟು ಏರಿಸುವುದೇ ಸರಿಯಾದ ಪರಿಹಾರ. ನಾಲ್ಕೈದು ಸಾಲು ಹೆಣೆದ ಮೇಲೆ ಅಂಚನ್ನು ಎರಡು ಕೈಗಳಿಂದ ಹಿಗ್ಗಿಸಿ ನೋಡಬೇಕು. ಅದು ಎಡರಿಲ್ಲದೆ 42 ಸೆಂಟಿಮೀಟರಿಗೆ ಬರಬೇಕು. ಬಾರದಿದ್ದರೆ ಮರುಯೋಚನೆ ಮಾಡದೆ ಬಿಚ್ಚಬೇಕು. ಬಟ್ಟೆಗೆ ಒಮ್ಮೆ ಕತ್ತರಿ ಹಾಕಿದ ಮೇಲೆ ತಿದ್ದಲಾಗದು; ಹೆಣಿಗೆಯಲ್ಲಿ ಹಾಗಲ್ಲ. ಐದು ಸಾಲು ಬಿಚ್ಚಿದರೂ ನೂಲು ನೂಲಾಗಿಯೇ ಕೈಗೆ ಮರಳುತ್ತದೆ. ಅಸಲಿಗೆ ಕುಂದಿಲ್ಲದೆ ಮತ್ತೆ ತೊಡಗಿಸಬಹುದಾದ ಬಂಡವಾಳವಿದು.

ಮೊದಲ ಸಾಲು ನೆಟ್ಟಗಾದ ಮೇಲೆ ಉಳಿದದ್ದು ಸುಲಭ. ಎರಡು ಶೋಜಾದಿಂದ ತೊಡಗಿ, ಎರಡು ಉಲ್ಟೊ, ಎರಡು ಶೋಜಾ ಎಂದು ಸಾಗಿ, ಸಾಲಿನ ಕೊನೆಗೂ ಎರಡು ಶೋಜಾ ಬರುವಂತೆ ಹೆಣೆಯಬೇಕು. ತಿರುಗಿ ಬರುವ ಸಾಲಿನಲ್ಲಿ ಎರಡು ಉಲ್ಟೊದಿಂದ ತೊಡಗಿ ಎರಡು ಉಲ್ಟೊದಿಂದ ಮುಗಿಸಬೇಕು. ಹೀಗೆ 4 ಸೆಂಟಿಮೀಟರ್ ಅಂಚು. ಅಲ್ಲಿಂದ ಮುಂದೆ ಒಂದು ಸಾಲು ಶೋಜಾ, ಒಂದು ಸಾಲು ಉಲ್ಟೊ. ಒಟ್ಟು ಎತ್ತರ 14 ಸೆಂಟಿಮೀಟರ್ ಆಗುವವರೆಗೆ. ಬಳಿಕ ಒಂದು ಸಾಲಿನಲ್ಲಿ ಎರಡೆರಡು ಕುಣಿಕೆಗಳನ್ನು ಕೂಡಿಸಿ ಹೆಣೆದರೆ 41 ಉಳಿಯುತ್ತವೆ. ನಡುವೆ ಒಂದು ಸಾಲು ಉಲ್ಟೊ. ಮತ್ತೆ ಎರಡೆರಡನ್ನು ಕೂಡಿಸಿದರೆ ಕೊನೆಯ ಒಂಟಿ ಕುಣಿಕೆಯೂ ಸೇರಿ 21. ನೂಲನ್ನು ಎರಡು ಗೇಣು ಬಿಟ್ಟು ಕತ್ತರಿಸಿ, ಸೂಜಿಯಿಂದ ಆ 21 ಕುಣಿಕೆಗಳೊಳಗೆ ಹಾಯಿಸಿ, ಬಿಗಿದು, ಬದಿಯನ್ನು ಹೊಲಿದರೆ ಕುಲಾವಿ ಸಿದ್ಧ.

ಕೂಸಿನ ಕ್ಷೇಮ

ಆಗ ತಾನೆ ಹುಟ್ಟಿದ ಕೂಸಿನ ತಲೆ ಅದರ ಮೈಗೆ ಹೋಲಿಸಿದರೆ ದೊಡ್ಡದು. ಮೈಯ ಒಟ್ಟು ಹೊರಮೈಯಲ್ಲಿ ಹೆಚ್ಚುಕಡಿಮೆ ಐದನೆಯ ಒಂದು ಪಾಲು ತಲೆಯದೇ. ಒದ್ದೆಯಾದ ತೆರೆದ ತಲೆಯಿಂದ ಶಾಖ ಬೇಗನೆ ನಷ್ಟವಾಗುತ್ತದೆ. ಕೂಸಿನ ಉಷ್ಣತೆ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್‌ವರೆಗೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ. ಹುಟ್ಟಿದ ಕೂಡಲೆ ಸ್ನಾನ ಮಾಡಿಸದೆ, ಕನಿಷ್ಠ 24 ಗಂಟೆ ಕಾಯಬೇಕೆಂಬುದೂ ಅದರ ಸಲಹೆಯೇ. 1978ರಲ್ಲಿ ಕೊಲಂಬಿಯಾ ದೇಶದ ಬೊಗೊತಾ ನಗರದಲ್ಲಿ ಎಡ್ಗರ್ ರೇ ಎಂಬ ವೈದ್ಯರು, ತೂಕ ಕಡಿಮೆಯಿರುವ ಕೂಸುಗಳನ್ನು ತಾಯಿಯ ಎದೆಗೆ ಮೈ ತಾಗುವಂತೆ ಅಪ್ಪಿಸಿ ಇರಿಸುವ ಕ್ರಮವನ್ನು ಆರಂಭಿಸಿದರು. ಕಾಂಗರೂ ಆರೈಕೆ ಎಂದು ಹೆಸರಾದ ಆ ಕ್ರಮದಲ್ಲಿ ಕೂಸಿನ ಮೈಮೇಲೆ ಇರುವ ಉಡುಪು ಬಹಳ ಸ್ವಲ್ಪ. ಅದರಲ್ಲಿ ಟೊಪ್ಪಿಗೆ ಒಂದು.

ಆದರೆ ಬೆಚ್ಚಗಿರುವುದು ಬೇರೆ, ಬೇಯುವುದು ಬೇರೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರಲ್ಲಿ ನೀಡಿದ ಸಲಹೆಯಂತೆ, ಹುಟ್ಟಿದ ಮೊದಲ ಕೆಲವು ಗಂಟೆಗಳನ್ನೂ ತೀವ್ರ ನಿಗಾ ಘಟಕವನ್ನೂ ಬಿಟ್ಟರೆ ಮನೆಯೊಳಗೆ ಕೂಸಿಗೆ ಟೊಪ್ಪಿಗೆ ಹಾಕಬಾರದು, ಏಕೆಂದರೆ ಅತಿಯಾದ ಶಾಖವೂ ಮಲಗಿದ ಕೂಸಿಗೆ ಅಪಾಯ. ಅದು ಕೋಣೆ ಬೆಚ್ಚಗಿರುವ ದೇಶದ ಮಾತೆಂಬುದು ದಿಟ. ಆದರೂ ಅದರ ತಾತ್ಪರ್ಯ ಇಲ್ಲಿಯೂ ಸಲ್ಲುತ್ತದೆ. ಹೊರಗೆ ಕರೆದೊಯ್ಯುವಾಗ, ಸ್ನಾನವಾದ ಬಳಿಕ ಕುಲಾವಿ ಇರಲಿ. ಮಲಗಿಸುವಾಗ ಅದನ್ನು ತೆಗೆದು, ಕತ್ತಿನ ಹಿಂಭಾಗವನ್ನು ಮುಟ್ಟಿ ನೋಡಬೇಕು. ಅಲ್ಲಿ ಬೆವರಿದ್ದರೆ ಹೊದಿಕೆ ಹೆಚ್ಚಾಯಿತೆಂದು ತಿಳಿಯಬೇಕು. ತೂಕ ಕಡಿಮೆಯಿರುವ ಕೂಸುಗಳ ವಿಷಯದಲ್ಲಿ ವೈದ್ಯರ ಮಾತೇ ಪ್ರಮಾಣ.

ಕುಲಾವಿಗೆ ಕಟ್ಟುವ ದಾರ, ಗುಂಡಿ, ಕುಚ್ಚು ಬೇಡ. ದಾರ ಕೊರಳಿಗೆ ಸುತ್ತಿಕೊಳ್ಳಬಹುದು. ಗುಂಡಿ ಬಾಯಿಗೆ ಹೋಗಬಹುದು. ಕೈಚೀಲ, ಕಾಲುಚೀಲಗಳನ್ನು ಹೆಣೆದವರು ಅವುಗಳನ್ನು ಒಳಮಗ್ಗುಲು ಹೊರಕ್ಕೆ ತಿರುವಿ ನೋಡಬೇಕು. ಸಡಿಲವಾಗಿ ಉಳಿದ ಒಂದು ಎಳೆ ಕೂಸಿನ ಬೆರಳಿಗೆ ಸುತ್ತಿ ಬಿಗಿದುಕೊಂಡರೆ ರಕ್ತಸಂಚಾರ ನಿಲ್ಲುತ್ತದೆ. ಕಾರಣ ಕಾಣದೆ ಎಡೆಬಿಡದೆ ಅಳುವ ಕೂಸಿನ ಕೈಕಾಲು ಬೆರಳುಗಳನ್ನು ಪರೀಕ್ಷಿಸಬೇಕೆಂದು ವೈದ್ಯರು ಹೇಳುವುದು ಇದಕ್ಕಾಗಿಯೇ.

ಮತ್ತೊಂದು ಎಚ್ಚರಿಕೆ ನುಸಿಗುಳಿಗೆಗೆ ಸಂಬಂಧಿಸಿದ್ದು. ಕೊಲ್ಕತ್ತದ ಮನೆಗಳಲ್ಲಿ ಚಳಿಗಾಲದ ಆರಂಭವನ್ನು ಪೆಟ್ಟಿಗೆಯಿಂದ ಹೊರಬರುವ ನ್ಯಾಫ್ತಲೀನ್ ವಾಸನೆಯೇ ಸಾರುತ್ತದೆ. ಜಿ-6-ಪಿ-ಡಿ ಎಂಬ ಕಿಣ್ವದ ಕೊರತೆ ಕೆಲವರಲ್ಲಿ ಹುಟ್ಟಿನಿಂದಲೇ ಇರುತ್ತದೆ. ಗಂಡು ಕೂಸುಗಳಲ್ಲಿ ಇದು ಹೆಚ್ಚು. ಅಂತಹ ಕೂಸು ನ್ಯಾಫ್ತಲೀನ್ ಸೋಂಕಿದ ಉಡುಪು ತೊಟ್ಟರೆ ಅದರ ಕೆಂಪು ರಕ್ತಕಣಗಳು ಒಡೆದು, ಕಾಮಾಲೆ ತೀವ್ರವಾಗಿ, ಮಿದುಳಿಗೂ ಹಾನಿಯಾಗಬಹುದು. ಕೊರತೆ ಇದೆಯೋ ಇಲ್ಲವೋ ಎಂಬುದು ರಕ್ತಪರೀಕ್ಷೆಯಿಲ್ಲದೆ ತಿಳಿಯದು. ಆದುದರಿಂದ ಕೂಸಿನ ಉಡುಪುಗಳ ಜೊತೆ ನುಸಿಗುಳಿಗೆಯನ್ನು ಇಡಲೇಬಾರದು. ಒಗೆದು ಚೆನ್ನಾಗಿ ಒಣಗಿಸಿ, ಶುಭ್ರವಾದ ಹತ್ತಿಬಟ್ಟೆಯಲ್ಲಿ ಸುತ್ತಿ, ಮುಚ್ಚಳ ಭದ್ರವಾಗಿರುವ ಡಬ್ಬಿಯಲ್ಲಿ ಇಟ್ಟರೆ ಸಾಕು.

ಹೆಣೆಯುವವರ ಕ್ಷೇಮ

ಹೆಣಿಗೆ ಮನಸ್ಸಿಗೆ ನೆಮ್ಮದಿ ಕೊಡುತ್ತದೆಂಬ ಅನುಭವದ ಮಾತಿಗೆ ಈಗ ಅಧ್ಯಯನದ ಬೆಂಬಲವೂ ಇದೆ. 2013ರಲ್ಲಿ ಬ್ರಿಟನ್ನಿನ ಒಂದು ವೈದ್ಯಕೀಯ ನಿಯತಕಾಲಿಕದಲ್ಲಿ ಪ್ರಕಟವಾದ ಸಮೀಕ್ಷೆಗೆ ನಾನಾ ದೇಶಗಳ 3,545 ಹೆಣಿಗೆಗಾರರು ಉತ್ತರಿಸಿದ್ದರು. ಹೆಚ್ಚು ಸಲ ಹೆಣೆಯುವವರು ಹೆಚ್ಚು ಶಾಂತಿಯನ್ನೂ ಸಂತೋಷವನ್ನೂ ಅನುಭವಿಸುವುದಾಗಿ ತಿಳಿಸಿದರು. ಹೆಣಿಗೆಯನ್ನು ಇಷ್ಟಪಡುವವರೇ ಕೊಟ್ಟ ಉತ್ತರವಾದುದರಿಂದ ಇದನ್ನು ಔಷಧಿಯ ಪ್ರಮಾಣದಂತೆ ಪರಿಗಣಿಸಲಾಗದು. ಆದರೆ ಪರಸ್ಥಳದಲ್ಲಿ ಹೊತ್ತು ಹೋಗದೆ ಕೊರಗುವ ಹಿರಿಯರಿಗೆ ಇದು ಒಳ್ಳೆಯ ಆಸರೆ ಎಂಬುದರಲ್ಲಿ ಸಂದೇಹವಿಲ್ಲ.

ದೇಹದ ಕಡೆಗೂ ಲಕ್ಷ್ಯವಿರಬೇಕು. ಬೆನ್ನಿಗೆ ಆನಿಕೆಯಿರುವಂತೆ ಕುಳಿತು, ಮೊಣಕೈಗಳನ್ನು ಮೈಗೆ ಸಮೀಪವಾಗಿ ಇರಿಸಿಕೊಳ್ಳಬೇಕು. ಅರ್ಧ ಗಂಟೆಗೊಮ್ಮೆ ಕಡ್ಡಿಯನ್ನು ಕೆಳಗಿಟ್ಟು ಬೆರಳುಗಳನ್ನು ಅಗಲಿಸಿ ಮಡಿಸಬೇಕು. ದೂರದ ಮರವನ್ನೋ ಮಹಡಿಯನ್ನೋ ನೋಡಿ ಕಣ್ಣಿಗೆ ವಿಶ್ರಾಂತಿ ಕೊಡಬೇಕು. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳು ರಾತ್ರಿ ಜೋಮು ಹಿಡಿಯತೊಡಗಿದರೆ ಅದು ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರುವ ಲಕ್ಷಣವಿರಬಹುದು. ಅದನ್ನು ಅಲಕ್ಷಿಸದೆ ವೈದ್ಯರನ್ನು ಕಾಣಬೇಕು. ಗರ್ಭಿಣಿಯರಲ್ಲಿ ಈ ತೊಂದರೆ ಹೆಚ್ಚಾಗಿ ಕಾಣುವುದರಿಂದ ಮಗಳ ಕೈಯಿಂದ ಕಡ್ಡಿಯನ್ನು ತಾಯಿ ತೆಗೆದುಕೊಳ್ಳುವುದು ಸೂಕ್ತ.

ಮನೆಯ ಹಿರಿಯರಿಗಾಗಿ ಕಾಲುಚೀಲ ಹೆಣೆಯುವಾಗಲೂ ಮೊದಲ ಸಾಲಿನ ನಿಯಮವೇ ಅನ್ವಯಿಸುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಬಿಗಿಯಾದ ಅಂಚಿನ ಒತ್ತು ತಿಳಿಯುವುದಿಲ್ಲ. ಸಂಜೆ ಕಾಲುಚೀಲ ತೆಗೆದಾಗ ಕಾಲಿನ ಮೇಲೆ ಆಳವಾದ ಗೆರೆ ಕಂಡರೆ ಆ ಅಂಚನ್ನು ಬಿಚ್ಚಿ ಸಡಿಲವಾಗಿ ಮತ್ತೆ ಹೆಣೆಯಬೇಕು.

ಚಳಿಗಾಲದಲ್ಲಿ ವೆಲಿಂಗ್ಟನ್ ಚೌಕದ ಬದಿಗೆ ಬೆಟ್ಟದ ಸೀಮೆಯ ವ್ಯಾಪಾರಿಗಳು ಸ್ವೆಟರುಗಳ ರಾಶಿ ಹರಡಿ ಕೂರುವುದು ದಶಕಗಳಿಂದ ಬಂದ ನೋಟ. ಬೈಲುಕುಪ್ಪೆ, ಮುಂಡಗೋಡಗಳ ಟಿಬೆಟನ್ ವಸಾಹತುಗಳನ್ನು ಬಲ್ಲ ಕನ್ನಡಿಗರಿಗೆ ಈ ಬಗೆಯ ವ್ಯಾಪಾರ ಅಪರಿಚಿತವಲ್ಲ. ಅಲ್ಲಿ ಅಗ್ಗದ ಕುಲಾವಿ ದೊರೆಯುವಾಗ ಕೈಯಿಂದ ಹೆಣೆಯುವ ಶ್ರಮವೇಕೆ ಎಂದು ಕೇಳಬಹುದು. ಕೊಂಡ ಕುಲಾವಿ ಒಂದು ಸರಾಸರಿ ತಲೆಯ ಅಳತೆಯದು. ಹೆಣೆದದ್ದು ಒಂದು ನಿರ್ದಿಷ್ಟ ಕೂಸಿನ ತಲೆಯದು. ಅದರ ನೂಲು ಯಾವುದು, ಅಂಚು ಎಷ್ಟು ಹಿಗ್ಗುತ್ತದೆ, ಒಳಗೆ ಸಡಿಲ ಎಳೆ ಉಂಟೇ ಇಲ್ಲವೇ ಎಂಬುದೆಲ್ಲ ಹೆಣೆದವರಿಗೆ ಗೊತ್ತು. ಮೂರು ತಿಂಗಳು ಕಳೆದು ತಲೆ ಬೆಳೆದ ಮೇಲೆ ಅದನ್ನೇ ಬಿಚ್ಚಿ, ಮಾದರಿಯ ಲೆಕ್ಕದಂತೆ ಎಂಟೋ ಹತ್ತೋ ಕುಣಿಕೆಗಳನ್ನು ಹೆಚ್ಚಿಸಿ, ಉಳಿದ ನೂಲನ್ನು ಸೇರಿಸಿ, ಹೊಸ ಕುಲಾವಿಯ ಮೊದಲ ಸಾಲನ್ನು ಏರಿಸಬಹುದು.